ಟೆಂಟ್ ಬಿಟ್ಟು ಹ್ಯಾಮಕ್‌ಗೆ ಬದಲಾಗಬೇಕಾ? ಮಲೆನಾಡಿನಲ್ಲಿ ಮಲಗಿದವರು ಹೇಳಿ

ಪ್ರಶ್ನೆ: ಮೂಡಿಗೆರೆ, ಕೊಪ್ಪ ಕಡೆ ಪರಿಚಯದವರ ಕಾಫಿ ತೋಟಗಳಲ್ಲಿ ಅಕ್ಟೋಬರಿನಿಂದ ಫೆಬ್ರುವರಿವರೆಗೆ ಆಗಾಗ ಟೆಂಟ್ ಹಾಕುತ್ತೇವೆ. ಸಮತಟ್ಟು ಜಾಗ ಸಿಗುವುದೇ ಕಷ್ಟ. ನೆಲದ ತೇವ ಮ್ಯಾಟ್‌ವರೆಗೂ ಬರುತ್ತೆ, ಬೆಳಗ್ಗೆ ಸೊಂಟ ಹಿಡಿದಿರುತ್ತೆ. ಗುಂಪಿನಲ್ಲಿ ಇಬ್ಬರು ಹ್ಯಾಮಕ್‌ಗೆ (ಎರಡು ಮರಗಳ ನಡುವೆ ಕಟ್ಟುವ ಬಟ್ಟೆಯ ತೂಗುಹಾಸಿಗೆ) ಬದಲಾಗಿದ್ದಾರೆ. ನನ್ನ ಎತ್ತರ 5 ಅಡಿ 9 ಇಂಚು, ತೂಕ 78 ಕೆ.ಜಿ. ಬಾಳೆಹಣ್ಣಿನ ಥರ ಬಾಗಿಕೊಂಡು ರಾತ್ರಿಯೆಲ್ಲ ಮಲಗೋಕೆ ಆಗುತ್ತಾ? ಏನೇನು ಬೇಕಾಗುತ್ತೆ?

ಬೆಂಗಳೂರಿನಿಂದ: ಬೆನ್ನು ಬಾಗೋದಕ್ಕೆ ಎರಡೇ ಕಾರಣ ಸರ್: ಗಿಡ್ಡ ಹ್ಯಾಮಕ್, ಬಿಗಿ ಕಟ್ಟು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ‘ಪ್ಯಾರಾಚೂಟ್’ ಹ್ಯಾಮಕ್‌ಗಳು ಬಹುತೇಕ 9 ಅಡಿ ಉದ್ದದವು. ಮಧ್ಯಾಹ್ನ ಒರಗಿ ಪುಸ್ತಕ ಓದೋಕೆ ಸಾಕು. ನಿಮ್ಮ ಎತ್ತರಕ್ಕೆ ರಾತ್ರಿ ಮಲಗಲು 11 ಅಡಿ ಉದ್ದ, 5 ಅಡಿ ಅಗಲದ್ದೇ ಬೇಕು. ಹೊಲಿಗೆ ಬರುವವರಿದ್ದರೆ 150 ಸೆಂ.ಮೀ. ಪನ್ನದ ರಿಪ್‌ಸ್ಟಾಪ್ (ಹರಿದರೂ ಹರಿತ ಮುಂದುವರಿಯದ ಹಾಗೆ ನೇಯ್ದ) ನೈಲಾನ್ ಬಟ್ಟೆ ಮೂರೂವರೆ ಮೀಟರ್ ತನ್ನಿ. ಉದ್ದದ ಎರಡೂ ಅಂಚು ಮಡಿಚಿ ಹೊಲಿದು, ಎರಡು ತುದಿಗೆ ಲಾಡಿ ಪೋಣಿಸುವಂಥ ಒಂದೂವರೆ ಇಂಚಿನ ಮಡಿಕೆ ಹೊಲಿದು, ಅದರೊಳಗೆ ಹಗ್ಗ ಪೋಣಿಸಿ ಬಿಗಿದರೆ ಆಯಿತು.

ಇನ್ನು ಕಟ್ಟುವುದು. ಜೋಲು ಬಿಡದೆ ತಂತಿಯ ಹಾಗೆ ಎಳೆದು ಕಟ್ಟುವುದೇ ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಹಾಗೆ ಕಟ್ಟಿದರೆ ಎರಡೂ ಅಂಚು ಒಳಗೆ ಬಂದು ಭುಜ ಹಿಂಡುತ್ತವೆ, ಮಗ್ಗುಲು ಹೊರಳೋಕಾಗಲ್ಲ. ಹ್ಯಾಮಕ್ ತುದಿಯನ್ನು ಮರಕ್ಕೆ ಕಟ್ಟುವ ಪಟ್ಟಿ ನೆಲಕ್ಕೆ ಸಮಾನಾಂತರವಾದ ಗೆರೆಯಿಂದ 30 ಡಿಗ್ರಿ ಇಳಿಜಾರಾಗಿ ಬರಬೇಕು. ಅಳೆಯೋಕೆ ಉಪಕರಣ ಬೇಡ: ಹೆಬ್ಬೆರಳು ಮೇಲೆ, ತೋರುಬೆರಳು ಮುಂದಕ್ಕೆ ಚಾಚಿ ಪಿಸ್ತೂಲಿನ ಆಕಾರ ಮಾಡಿ. ಎರಡು ಬೆರಳ ತುದಿಗಳನ್ನು ಸೇರಿಸುವ ಗೆರೆಯ ಓರೆ ಎಷ್ಟಿದೆಯೋ, ಪಟ್ಟಿಯ ಓರೆಯೂ ಹೆಚ್ಚುಕಡಿಮೆ ಅಷ್ಟೇ ಇರಲಿ. 30 ಡಿಗ್ರಿಯಲ್ಲಿ ಒಂದೊಂದು ಪಟ್ಟಿಯ ಮೇಲೂ ನಿಮ್ಮ ತೂಕದಷ್ಟೇ, ಅಂದರೆ 78 ಕೆ.ಜಿ. ಎಳೆತ. ಅದೇ 10 ಡಿಗ್ರಿಗೆ ಬಿಗಿದರೆ ಸುಮಾರು 225 ಕೆ.ಜಿ. ಹೊಲಿಗೆ ಬಿಡುವುದು, ಕೊಕ್ಕೆ ಬಾಗುವುದು ಆಗಲೇ.

ಮರಗಳ ನಡುವೆ 14 ಅಡಿ ಅಂತರ ಸಿಕ್ಕರೆ ಪಟ್ಟಿಯನ್ನು ಐದೂವರೆ ಅಡಿ ಎತ್ತರಕ್ಕೆ, ನಿಮ್ಮ ಕಣ್ಣಿನ ಮಟ್ಟಕ್ಕೆ ಕಟ್ಟಿ. ಕಾಲಿನ ಕಡೆ ಇನ್ನೂ 6–8 ಇಂಚು ಮೇಲಿರಲಿ, ಇಲ್ಲವಾದರೆ ನಿದ್ದೆಯಲ್ಲಿ ಕೆಳಕ್ಕೆ ಜಾರುತ್ತೀರಿ. ಕೂತಾಗ ಸೀಟು ನೆಲದಿಂದ ಒಂದೂವರೆ ಅಡಿ, ಕುರ್ಚಿಯಷ್ಟು ಎತ್ತರ ಇರಬೇಕು. ಹ್ಯಾಮಕ್‌ನ ಎರಡು ತುದಿಗಳ ನಡುವೆ 9 ಅಡಿ 1 ಇಂಚಿನ, ಹಿಗ್ಗದ ತೆಳು ಹಗ್ಗ ಕಟ್ಟಿಬಿಟ್ಟರೆ (ಹ್ಯಾಮಕ್ ಉದ್ದದ ಶೇ 83) ಮರಗಳ ಅಂತರ ಬದಲಾದರೂ ಜೋಲು ಬದಲಾಗಲ್ಲ.

ಮಲಗುವುದು ಮೂಲೆಯಿಂದ ಮೂಲೆಗೆ. ನಡುವೆ ಕೂತು, ಹಿಂದಕ್ಕೆ ಒರಗಿ, ಕಾಲನ್ನು ಒಂದಡಿ ಎಡಕ್ಕೆ, ತಲೆಯನ್ನು ಅಷ್ಟೇ ಬಲಕ್ಕೆ ಸರಿಸಿ. ಆಗ ಬಟ್ಟೆ ಹರಡಿ ಮೈ ಹೆಚ್ಚುಕಡಿಮೆ ಚಪ್ಪಟೆಯಾಗುತ್ತೆ. ಮಂಡಿ ಹಿಂದಕ್ಕೆ ಬಾಗಿದ ಹಾಗೆ ನೋವು ಬಂದರೆ ಮಡಿಚಿದ ಸ್ವೆಟರ್ ಮಂಡಿ ಕೆಳಗೆ ಇಡಿ.

ಸಾಗರದಿಂದ: ಸೊಂಟದ ಮಾತು ಬಿಡಿ, ನಮ್ಮ ಕಡೆ ನೆಲ ಬಿಡೋಕೆ ಇನ್ನೂ ದೊಡ್ಡ ಕಾರಣ ಉಣುಗು. ಅದು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕೊಪ್ಪ, ನರಸಿಂಹರಾಜಪುರ ಕಡೆಯೂ ಪ್ರಕರಣಗಳು ಬಂದಿವೆ. ಡಿಸೆಂಬರಿನಿಂದ ಮೇವರೆಗೆ ಒಣಗಿದ ತರಗೆಲೆಯಲ್ಲಿ ಎಳೆಯ ಉಣುಗುಗಳು ಇರುತ್ತವೆ, ಕಣ್ಣಿಗೂ ಸರಿಯಾಗಿ ಕಾಣಲ್ಲ. ನೀವು ಟೆಂಟ್ ಹಾಕುವ ಕಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ. ಹ್ಯಾಮಕ್‌ನಲ್ಲಿ ಮೈ ನೆಲಕ್ಕೆ ತಾಗಲ್ಲ ನಿಜ, ಆದರೆ ಬ್ಯಾಗ್ ತರಗೆಲೆ ಮೇಲೆ ಎಸೆದು ರಾತ್ರಿ ಅದನ್ನೇ ತಲೆದಿಂಬು ಮಾಡಿಕೊಂಡರೆ ಏನು ಬಂತು? ಬ್ಯಾಗ್, ಶೂ ಎರಡನ್ನೂ ಪಟ್ಟಿಗೆ ನೇತುಹಾಕಿ. ಉಣುಗು ಹತ್ತದಂತೆ ಕೈಕಾಲಿಗೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಮಂಗ ಸತ್ತುಬಿದ್ದ ಸುದ್ದಿ ಇರುವ ಊರಿನಲ್ಲಿ ಹ್ಯಾಮಕ್ಕೂ ಬೇಡ, ಟೆಂಟೂ ಬೇಡ.

ಮೂಡಿಗೆರೆಯಿಂದ: ಮರದ ವಿಷಯ ಯಾರೂ ಹೇಳಿಲ್ಲ. ತೋಟದಲ್ಲಿ ಕೈಗೆ ಮೊದಲು ಸಿಗುವುದು ಸಿಲ್ವರ್ ಓಕ್. ಅದಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿರುತ್ತಾರೆ. ಪಟ್ಟಿ ಬಿಗಿದರೆ ಬಳ್ಳಿ ಜಜ್ಜಿಹೋಗುತ್ತದೆ, ಯಜಮಾನರ ಹಲವು ವರ್ಷದ ಶ್ರಮ ಅದು. ಬಳ್ಳಿ ಇಲ್ಲದ ಸಿಲ್ವರ್ ಓಕ್ ಆದರೂ ಗಾಳಿಗೆ ಕೊಂಬೆ ಮುರಿದು ಬೀಳುವ ಜಾತಿ. ನೇರಳೆ, ಹೊನ್ನೆ, ನಂದಿ, ಕಾಯಿ ಇಲ್ಲದ ಕಾಲದಲ್ಲಿ ಹಲಸು, ಇವು ಒಳ್ಳೆಯವು. ಕಾಂಡ ಕನಿಷ್ಠ 8 ಇಂಚು ದಪ್ಪ ಇರಲಿ. ಕಟ್ಟುವ ಮೊದಲು ನೆತ್ತಿ ಮೇಲೆ ಒಣಕೊಂಬೆ ನೇತಾಡುತ್ತಿದೆಯಾ, ಚಿಗಳಿ ಇರುವೆ ಎಲೆ ಹೆಣೆದು ಗೂಡು ಮಾಡಿದೆಯಾ ಎಂದು ಟಾರ್ಚ್ ಬಿಟ್ಟು ನೋಡಿ. ತೆಂಗಿನ ಮರ ಬೇಡವೇ ಬೇಡ.

ಹೊಳೆಗೇರು ಮರ ಗೊತ್ತಿರದಿದ್ದರೆ ತೋಟದವರನ್ನು ಕರೆದು ತೋರಿಸಿಕೊಳ್ಳಿ. ಅದರ ತೊಗಟೆಗೆ ಗಾಯವಾದರೆ ಬರುವ ಸೊನೆ ಕಪ್ಪಾಗುತ್ತದೆ, ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಗುಳ್ಳೆ ಏಳುತ್ತದೆ. ಕಪ್ಪು ಕಲೆ ಇಳಿದಿರುವ ಕಾಂಡ ಕಂಡರೆ ದೂರ ಇರಿ.

ಬಟ್ಟೆ ಒಣಹಾಕುವ ನೈಲಾನ್ ಹಗ್ಗ ತರಬೇಡಿ. ತೊಗಟೆ ಸೀಳುತ್ತದೆ, ಇಬ್ಬನಿಗೆ ನೆನೆದು ಹಿಗ್ಗಿ ಮಧ್ಯರಾತ್ರಿ ನಿಮ್ಮನ್ನು ನೆಲಕ್ಕೆ ತರುತ್ತದೆ. ಒಂದಿಂಚು ಅಗಲದ ಪಾಲಿಯೆಸ್ಟರ್ ಪಟ್ಟಿಯೇ ಸರಿ. ಇನ್ನೊಂದು: ಆನೆ ಓಡಾಡುವ ತೋಟದಲ್ಲಿ ಮಲಗಬೇಡಿ, ಯಜಮಾನರು ಪರವಾಗಿಲ್ಲ ಅಂದರೂ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ರಾತ್ರಿ ತಂಗುವುದು ಅಪರಾಧ.

ಮಡಿಕೇರಿಯಿಂದ: ಒಂದೇ ರಾತ್ರಿ ಮಲಗಿ ಹ್ಯಾಮಕ್ ಬಿಟ್ಟವರು ಬಿಟ್ಟಿದ್ದು ಚಳಿಗೆ. ಸ್ಲೀಪಿಂಗ್ ಬ್ಯಾಗ್ ನಂಬಿ ಹೋಗುತ್ತಾರೆ. ಬೆನ್ನ ಕೆಳಗೆ ಅದು ತೂಕಕ್ಕೆ ಅಮುಕಿ, ಒಳಗಿನ ಗಾಳಿಯೆಲ್ಲ ಹೊರಗೆ ಹೋಗಿ ಬರೀ ಎರಡು ಪದರ ಬಟ್ಟೆಯಾಗುತ್ತದೆ. ಕೆಳಗೆ ಗಾಳಿ ಬೀಸುತ್ತಲೇ ಇರುತ್ತದೆ. 20 ಡಿಗ್ರಿಯಲ್ಲೇ ಬೆನ್ನು ತಣ್ಣಗಾಗಲು ಶುರು, ಡಿಸೆಂಬರಿನಲ್ಲಿ ತೋಟ 15ರ ಕೆಳಗೆ ಇಳಿಯುತ್ತದೆ.

ಹ್ಯಾಮಕ್ ಕೆಳಗೆ ಎಲಾಸ್ಟಿಕ್‌ನಿಂದ ತೂಗುವ, ರಜಾಯಿಯಂಥ ಅಂಡರ್‌ಕ್ವಿಲ್ಟ್ ಇದಕ್ಕೆ ಸರಿಯಾದ ಮದ್ದು, ಅದರ ಮೇಲೆ ಭಾರ ಬೀಳಲ್ಲ. ಬಟ್ಟೆಗೆ ತಾಗಿಯೂ ತಾಗದ ಹಾಗೆ ಇರಬೇಕು: ಸಡಿಲವಾದರೆ ನಡುವೆ ತಣ್ಣನೆ ಗಾಳಿ ಸೇರುತ್ತದೆ, ಬಿಗಿಯಾದರೆ ಅದೂ ಅಮುಕುತ್ತದೆ. ಒಳಗೆ ಮಲಗಿ ಕೈ ಹೊರಗೆ ಹಾಕಿ ಬೆನ್ನಡಿ ಮುಟ್ಟಿ ನೋಡಿ. ಸದ್ಯಕ್ಕೆ ದುಡ್ಡು ಬೇಡ ಅಂದರೆ ನಿಮ್ಮ ಫೋಮ್ ಮ್ಯಾಟೇ ಸಾಕು. ಆದರೆ ಭುಜದ ಹತ್ತಿರ 75 ಸೆಂ.ಮೀ. ಅಗಲ ಆಗುವಂತೆ ಅಕ್ಕಪಕ್ಕ ತುಂಡು ಅಂಟಿಸಿ. ಎರಡು ಪದರದ ಹ್ಯಾಮಕ್ ಕೊಂಡರೆ ಮ್ಯಾಟ್ ಪದರಗಳ ನಡುವೆ ಕೂತು ಜಾರುವುದಿಲ್ಲ, ತೆಳು ಬಟ್ಟೆ ತೂರಿ ಬೆನ್ನಿಗೆ ಸೊಳ್ಳೆ ಕಚ್ಚುವುದೂ ತಪ್ಪುತ್ತದೆ.

ಬೆಂಗಳೂರಿನಿಂದ: ಮಳೆಗೆ ಒಂದು ಮಾತು. ಅಕ್ಟೋಬರಿನಲ್ಲಿ ಟಾರ್ಪ್ (ಹ್ಯಾಮಕ್ ಮೇಲೆ ಸೂರಿನ ಹಾಗೆ ಕಟ್ಟುವ ಟಾರ್ಪಾಲು) ಮೊದಲು ಕಟ್ಟಿ, ಕೊನೆಗೆ ಬಿಚ್ಚಿ. ಅದರ ಉದ್ದ 12 ಅಡಿ ಇದ್ದರೆ ಎರಡೂ ತುದಿ ಮುಚ್ಚುತ್ತದೆ. ಟಾರ್ಪ್ ಇದ್ದರೂ ಮರದ ಕಾಂಡದಿಂದ ಪಟ್ಟಿ ಹಿಡಿದು ನೀರು ಹ್ಯಾಮಕ್‌ಗೆ ಇಳಿಯುತ್ತದೆ. ಟಾರ್ಪ್‌ನ ನೆರಳಿನೊಳಗೆ, ಹ್ಯಾಮಕ್ ತುದಿಗೆ ಒಂದು ಗೇಣು ಮುಂಚೆ ಪಟ್ಟಿಗೆ ಹಳೆಯ ಹತ್ತಿಯ ಶೂ ಲೇಸ್ ಕಟ್ಟಿ ನೇತುಬಿಡಿ. ಮರಕ್ಕೆ ಸುತ್ತಿರುವ ಕಡೆ ಪಟ್ಟಿಗೆ ಬಾಟಲಿಯಿಂದ ನೀರು ಸುರಿದು, ಲೇಸ್‌ನಿಂದ ತೊಟ್ಟಿಕ್ಕುತ್ತದಾ ನೋಡಿಯೇ ಮಲಗಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಟೆಂಟ್‌ಗಿಂತ ಭಾರ ಕಮ್ಮಿ ಆಗುತ್ತಾ? ಒಂದೇ ಸಲ ಎಲ್ಲ ಕೊಳ್ಳೋಕಾಗಲ್ಲ, ಮೊದಲು ಯಾವುದು?

ಮಡಿಕೇರಿಯಿಂದ: ಭಾರ ಕಮ್ಮಿ ಅಂತ ಬದಲಾಗಬೇಡಿ. ಅಂದಾಜಿಗೆ ಹ್ಯಾಮಕ್ 450 ಗ್ರಾಂ, ಪಟ್ಟಿ 250, ಸೊಳ್ಳೆಪರದೆ 250, ಟಾರ್ಪ್ 600, ಅಂಡರ್‌ಕ್ವಿಲ್ಟ್ 600. ಎರಡು ಕೆ.ಜಿ. ದಾಟಿತು. ಒಂದೇ ಟೆಂಟನ್ನು ಇಬ್ಬರು ಹಂಚಿಕೊಂಡು ಹೊತ್ತರೆ ಒಬ್ಬೊಬ್ಬರಿಗೆ ಬೀಳುವ ಭಾರ ಸಾಮಾನ್ಯವಾಗಿ ಇದಕ್ಕಿಂತ ಕಮ್ಮಿ. ಮೊದಲು 11 ಅಡಿ ಹ್ಯಾಮಕ್ ಮತ್ತು ಪಟ್ಟಿ, ಆಮೇಲೆ ಪರದೆ, ಟಾರ್ಪ್, ಕೊನೆಗೆ ಕ್ವಿಲ್ಟ್. ಟೆಂಟ್ ಮಾರಬೇಡಿ, ಮರವಿಲ್ಲದ ಹುಲ್ಲುಗುಡ್ಡದಲ್ಲಿ ಹ್ಯಾಮಕ್ ಕಟ್ಟುವುದೆಲ್ಲಿಗೆ? ಅಭ್ಯಾಸಕ್ಕೆ ಮನೆಯಲ್ಲಿ ಕಟ್ಟುವುದಾದರೆ ತಾರಸಿಯ ಪ್ಯಾರಾಪೆಟ್ಟಿಗೋ ಕಾಂಪೌಂಡಿನ ಇಟ್ಟಿಗೆ ಕಂಬಕ್ಕೋ ಕಟ್ಟಬೇಡಿ, ಅಡ್ಡ ಎಳೆತ ತಡೆಯಲಾರದೆ ಕಂಬವೇ ಮೈಮೇಲೆ ಬೀಳುತ್ತದೆ. ಪಾರ್ಕಿಂಗ್‌ನಲ್ಲಿ ಛಾವಣಿ ಹೊತ್ತಿರುವ ಕಾಂಕ್ರೀಟ್ ಕಂಬಗಳಿದ್ದರೆ ಅವಕ್ಕೆ ಕಟ್ಟಬಹುದು.