‘ಅಕಾಲಿಕ ಶಿಶು’ವಿಗೆ ಬೇರೆ ಪದ ಬೇಕು

ಮಾನ್ಯರೇ,

ಉಡುಪಿಯ ಆಸ್ಪತ್ರೆಯೊಂದರ ನವಜಾತ ಶಿಶು ಘಟಕದ ಹೊರಗೆ ಹಾಕುವ ಫಲಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ವಿಷಯ ಇಷ್ಟು: ದೊಡ್ಡವರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 4,000ದಿಂದ 11,000 ಇರುವ ಬಿಳಿ ರಕ್ತಕಣಗಳು ಆಗಷ್ಟೇ ಹುಟ್ಟಿದ ಮಗುವಿನಲ್ಲಿ 9,000ದಿಂದ 30,000ದವರೆಗೆ ಇದ್ದರೂ ಗಾಬರಿಪಡಬೇಕಿಲ್ಲ, 37 ವಾರ ತುಂಬುವ ಮೊದಲೇ ಹುಟ್ಟಿದವರಲ್ಲಿ ಅವು ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಈ ಎರಡನೆಯವರನ್ನು ‘ಅಕಾಲಿಕ ಶಿಶು’ ಎಂದಿದ್ದೆ. ಕರಡು ಓದಿದ ಹಿರಿಯ ಸಿಸ್ಟರ್ ಒಬ್ಬರು, ‘ಬಾಣಂತಿಯ ಕಿವಿಗೆ ಅದು ಅಕಾಲ ಮರಣದ ಹಾಗೆ ಕೇಳುತ್ತದೆ’ ಎಂದು ಪೆನ್ಸಿಲಿನಲ್ಲಿ ಗೀಟು ಎಳೆದರು. ‘ದಿನ ತುಂಬದ ಮಗು’ ಆದೀತೇ? ಬಿಳಿ ರಕ್ತಕಣ ಎಷ್ಟಿವೆ ಎಂಬುದಕ್ಕೆ ಹಾಕಿದ ‘ಕೌಂಟ್’ ಹಾಗೆಯೇ ಇರಲೇ?

ಉತ್ತರ, ಮಂಗಳೂರಿನಿಂದ:

ಸಿಸ್ಟರ್ ಹೇಳಿದ್ದು ಸರಿ, ನೀವು ಹುಡುಕಿದ ಪರಿಹಾರ ಸರಿಯಲ್ಲ. ‘ಅವನ ದಿನ ತುಂಬಿತು’ ಎಂದರೆ ನಮ್ಮಲ್ಲಿ ಏನರ್ಥವೆಂದು ನಿಮಗೆ ಗೊತ್ತಿರಬೇಕು. ‘ತಿಂಗಳು ತುಂಬಿದ’, ‘ತಿಂಗಳು ತುಂಬದ’ ಎನ್ನಿ; ‘ತುಂಬು ಬಸುರಿ’ಯ ಆ ‘ತುಂಬು’ ಅಚ್ಚಗನ್ನಡ, ‘ಅವಧಿಪೂರ್ವ’ ಸುತ್ತೋಲೆಗಳಿಗಿರಲಿ. ‘ಕೌಂಟ್’ ಬೇಡವೇ ಬೇಡ, ‘ಎಣಿಕೆ’ ಇದೆ. ಸಾಧ್ಯವಾದರೆ ‘ರಕ್ತ’ವನ್ನೂ ‘ನೆತ್ತರು’ ಮಾಡಿ.

ಪ್ರಶ್ನೆ ಕೇಳಿದವರಿಂದ:

‘ತಿಂಗಳು ತುಂಬದ’ ಎಂಬುದನ್ನು ಕೃತಜ್ಞತೆಯಿಂದ ತೆಗೆದುಕೊಂಡೆ. ಲೆಕ್ಕ ವಾರದಲ್ಲಾದ್ದರಿಂದ ಪಕ್ಕದಲ್ಲಿ 37 ವಾರ ಎಂದೂ ಬರೆಯುತ್ತೇನೆ. ನೆತ್ತರು ಬೇಡ, ಅದು ಚೆಲ್ಲುವ ಪದಾರ್ಥ. ‘ಎಣಿಕೆ’ಯ ತೊಡಕು ಬೇರೆ. ಈ ಜಿಲ್ಲೆಗಳಲ್ಲಿ ‘ನಾನು ಹಾಗೆ ಎಣಿಸಿದ್ದೆ’ ಎಂದರೆ ‘ಅಂದುಕೊಂಡಿದ್ದೆ’ ಎಂದರ್ಥ, ತುಳುವಿನ ‘ಎಣ್ಣುನಿ’ಯೂ ಹಾಗೆಯೇ. ಅದಕ್ಕಿಂತ ಮುಖ್ಯವಾಗಿ, ಎಣಿಕೆ ಒಂದು ಕೆಲಸ, ಸಂಖ್ಯೆ ಅದರ ಫಲ. ನವಜಾತರ ರಕ್ತದಲ್ಲಿ, ಅದರಲ್ಲೂ ತಿಂಗಳು ತುಂಬದವರಲ್ಲಿ, ಬಿಳಿ ಕಣಗಳಲ್ಲಿರುವಂತೆ ಕೋಶಕೇಂದ್ರ (ನ್ಯೂಕ್ಲಿಯಸ್) ಉಳಿದ ಕೆಂಪು ಕಣಗಳಿರುತ್ತವೆ. ಯಂತ್ರ ಅವನ್ನೂ ಬಿಳಿಯೆಂದೇ ಎಣಿಸಿಬಿಡುವುದುಂಟು, ಆಮೇಲೆ ಕಳೆದು ಸರಿಪಡಿಸಬೇಕು. ಎಣಿಕೆ ಹೆಚ್ಚಾಯಿತು, ಸಂಖ್ಯೆ ಹೆಚ್ಚಾಗಲಿಲ್ಲ ಎಂಬ ಈ ಮಾತನ್ನು ಒಂದೇ ಪದ ಇಟ್ಟುಕೊಂಡು ಹೇಳುವುದು ಹೇಗೆ?

ಉತ್ತರ, ಮಂಗಳೂರಿನಿಂದ:

ಸಂಖ್ಯೆಯೂ ಸಂಸ್ಕೃತದ ಎರವಲು. ನಿಮ್ಮಿಷ್ಟ.

ಪ್ರಶ್ನೆ ಕೇಳಿದವರಿಂದ:

ನೀವು ಮುಟ್ಟದೆ ಬಿಟ್ಟ ‘ಕಣ’ವೂ ಎರವಲೇ. ಫಲಕದಲ್ಲಿ ‘ಬಿಳಿ ರಕ್ತಕಣಗಳ ಸಂಖ್ಯೆ (ಕೌಂಟ್)’ ಎಂದು ಹಾಕುತ್ತಿದ್ದೇನೆ, ಏಕೆಂದರೆ ಘಟಕದ ಬಾಗಿಲಲ್ಲಿ ಚೀಲ ಹಿಡಿದು ನಿಂತ ಅಜ್ಜಿಯೂ ಕೇಳುವುದು ‘ಮಗುವಿನ ಕೌಂಟ್ ಎಷ್ಟುಂಟು?’ ಎಂದೇ.