2008ರ ಡಿಟಿಪಿ ಕಂಪ್ಯೂಟರ್: ರಿಪೇರಿ ಮಾಡಿಸಲಾ, ಗುಜರಿಗೆ ಹಾಕಲಾ?

ಸಾಗರದ ಡಿಟಿಪಿ:
ಸಾಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ. ಮದುವೆ ಕಾಗದ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಸೊಸೈಟಿಯ ವಾರ್ಷಿಕ ವರದಿ, ಇಂಥವೇ ಕೆಲಸ. 2008ರಲ್ಲಿ ಜೋಡಿಸಿಕೊಂಡ ಕಂಪ್ಯೂಟರ್ ಮೊನ್ನೆವರೆಗೂ ಅನ್ನ ಹಾಕಿದೆ. ಪೆಂಟಿಯಮ್ ಡ್ಯುಯಲ್ ಕೋರ್, ಜಿ31 ಮದರ್‌ಬೋರ್ಡ್, 2 ಜಿಬಿ ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ ಎಕ್ಸ್‌ಪಿ, ಪುಟ ಜೋಡಿಸಲು ಪೇಜ್‌ಮೇಕರ್ 7, ಕನ್ನಡ ಟೈಪಿಗೆ ನುಡಿ. ಇಂಟರ್ನೆಟ್ ಕೊಟ್ಟಿಲ್ಲ, ಅದಕ್ಕೆ ಬೇರೆ ಲ್ಯಾಪ್‌ಟಾಪ್ ಇದೆ.

ಎರಡು ತಿಂಗಳಿಂದ ಬೆಳಿಗ್ಗೆ ಹಟ ಶುರುವಾಗಿತ್ತು. ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಐದಾರು ಸಲ ಆಫ್ ಆನ್ ಮಾಡಿದರೆ ಏಳುತ್ತಿತ್ತು. ಎದ್ದ ಮೇಲೆ ಸಂಜೆವರೆಗೂ ತೊಂದರೆ ಇಲ್ಲ. ತಾರೀಖು ದಿನಾ ಹಿಂದಕ್ಕೆ ಹೋಗುತ್ತಿತ್ತು. ಕಳೆದ ಸೋಮವಾರದಿಂದ ಏಳಲೇ ಇಲ್ಲ. ರಿಪೇರಿಯವರು ಮುಚ್ಚಳವನ್ನೂ ಬಿಚ್ಚದೆ "ಬೋರ್ಡ್ ಹೋಗಿದೆ ಮೇಡಂ, ಹೊಸದು ತಗೊಳ್ಳಿ" ಅಂದರು. ಹೊಸದನ್ನು ಮಾರುವವರೂ ಅವರೇ, ಅದು ಬೇರೆ ಮಾತು.

ಹೊಸದು ತಗೊಳ್ಳಲು ಬೇಜಾರಿಲ್ಲ. ಆದರೆ ಇಷ್ಟು ವರ್ಷದ ಪೇಜ್‌ಮೇಕರ್ ಫೈಲುಗಳೆಲ್ಲ ಅದರಲ್ಲೇ ಇವೆ. ಅಣ್ಣನ ಮದುವೆಗೆ ಕಾಗದ ಮಾಡಿಸಿದವರು ತಂಗಿಯ ಮದುವೆಗೂ ಬರುತ್ತಾರೆ. "ಅದೇ ಥರ ಇರಲಿ, ಹೆಸರು ಬದಲಾಯಿಸಿ" ಅನ್ನುತ್ತಾರೆ. ಇದಕ್ಕೆ ಎಷ್ಟು ದುಡ್ಡು ಹಾಕಬಹುದು?

ಹಾಸನದ ಬೆಸುಗೆ:
ಅಕ್ಕ, ತಣ್ಣಗಿದ್ದಾಗ ಏಳಲ್ಲ, ಎದ್ದ ಮೇಲೆ ಚೆನ್ನಾಗಿರುತ್ತದೆ ಅಂದರೆ ನನ್ನ ಅನುಮಾನ ಕೆಪಾಸಿಟರ್ ಮೇಲೆ. ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಪಕ್ಕದ ಮುಚ್ಚಳ ಬಿಚ್ಚಿ. ಪ್ರೊಸೆಸರ್ ಸುತ್ತ ಪುಟ್ಟ ಡಬ್ಬಿಗಳಿರುತ್ತವೆ, ಅವೇ ಕೆಪಾಸಿಟರ್. ತಲೆ ಚಪ್ಪಟೆ ಇರಬೇಕು. ಹಪ್ಪಳದ ಹಾಗೆ ಉಬ್ಬಿದ್ದರೆ, ಕಂದು ಅಂಟು ಕಂಡರೆ, ಅದು ಸತ್ತಿದೆ. ಕರೆಂಟ್ ಕೊಡುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್ ಒಳಗೂ ಇಂಥವೇ ಇರುತ್ತವೆ, ಆದರೆ ಅದನ್ನು ನೀವು ಬಿಚ್ಚಬೇಡಿ, ಶಾಕ್ ಹೊಡೆಯುತ್ತದೆ.

ತಾರೀಖು ಹೋಗುವುದು ಸುಮ್ನೆ ಸೆಲ್ ಕಥೆ. ಸಿಆರ್2032, ಬಟನ್ ಸೆಲ್, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ರ‍್ಯಾಮ್ ತೆಗೆದು ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ನೋಡಿ.

ಡಬ್ಬಿ ಉಬ್ಬಿದ್ದರೆ ಆಂಪ್ಲಿಫೈಯರ್, ಟಿವಿ ರಿಪೇರಿ ಮಾಡುವವರ ಹತ್ತಿರ ಹೋಗಿ. ಹಳೆ ಡಬ್ಬಿಯ ಮೇಲೆ ಬರೆದ ಅಳತೆ, ಮೈಕ್ರೋಫ್ಯಾರಡ್, ಅಷ್ಟೇ ಇರಬೇಕು, ವೋಲ್ಟೇಜ್ ಕಡಿಮೆ ಆಗಬಾರದು, 105 ಡಿಗ್ರಿ ಬಿಸಿ ತಡೆಯುವುದನ್ನೇ ಹಾಕಿ ಅನ್ನಿ.

ಗುಬ್ಬಿ:
ಎಲ್ಲದಕ್ಕಿಂತ ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿಕೊಳ್ಳಿ. ಡಿಸ್ಕಿನ ಸಾಟಾ ಪಿನ್ನಿನಿಂದ ಯುಎಸ್‌ಬಿಗೆ ಹಾಕುವ ಕೇಬಲ್ ಬರುತ್ತದೆ, ದೊಡ್ಡ ಡಿಸ್ಕ್ ಆದ್ದರಿಂದ ಕರೆಂಟಿನ ಅಡಾಪ್ಟರ್ ಇರುವುದನ್ನೇ ಕೇಳಿ. ಲ್ಯಾಪ್‌ಟಾಪಿಗೆ ಸಿಕ್ಕಿಸಿ ಎಲ್ಲ ಕಾಪಿ ಮಾಡಿ. ಬೋರ್ಡಿಗೆ ಬದಲಿ ಬೋರ್ಡ್ ಸಿಕ್ಕೀತು, ಆ ಫೈಲಿಗೆ ಸಿಗಲ್ಲ.

ಹಾಸನದವರ ಮಾತು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಇವತ್ತು ಕೆಪಾಸಿಟರ್, ನಾಳೆ ಎಸ್‌ಎಂಪಿಎಸ್, ನಾಡಿದ್ದು ಡಿಸ್ಕ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಆಫೀಸಿನಿಂದ ಬಂದ ಹಳೆ ಐ5 ಪ್ರೊಸೆಸರಿನ ಕಂಪ್ಯೂಟರ್ ಸಿಗುತ್ತವೆ. ಒಂದು ತಂದು ವೇಗದ ಡಿಸ್ಕ್, ಎಸ್‌ಎಸ್‌ಡಿ, ಹಾಕಿಸಿ.

ಸಾಗರದ ಡಿಟಿಪಿ:
ಅದರಲ್ಲಿ ನನ್ನ ಫೈಲು ತೆರೆಯುತ್ತದಾ? ಲ್ಯಾಪ್‌ಟಾಪಿನಲ್ಲಿ ಒಂದು ಹಳೆ ವರ್ಡ್ ಫೈಲ್ ತೆರೆದರೆ ಕನ್ನಡದ ಬದಲು ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಬಂತು.

ಗುಬ್ಬಿ:
ಅದು ನುಡಿಯ ಹಳೆ ಆಸ್ಕಿ ಅಕ್ಷರ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ರೂಪ ಕೂರಿಸಿದ್ದು. ಆ ಫಾಂಟ್ ಹಾಕಿದರೆ ಕನ್ನಡವಾಗಿ ಕಾಣುತ್ತದೆ. ಪೇಜ್‌ಮೇಕರಿಗೆ ಈಗಿನ ಕನ್ನಡ ಅಕ್ಷರದ ಪದ್ಧತಿ, ಯುನಿಕೋಡ್, ಗೊತ್ತೇ ಇಲ್ಲ, ಹಾಗಾಗಿ ಹಳೆ ಸಂಸಾರವನ್ನೇ ಹೊಸ ಮನೆಯೊಳಗೆ ಕೂರಿಸಬೇಕು. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್ ಹಾಕಿ ಅದರೊಳಗೆ ಎಕ್ಸ್‌ಪಿ ಓಡಿಸಿ. 2014ರ ಏಪ್ರಿಲ್‌ನಲ್ಲೇ ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ ಕೈಬಿಟ್ಟಿದೆ, ಸುರಕ್ಷತೆಯ ಅಪ್‌ಡೇಟ್ ಬರಲ್ಲ, ಅಲ್ಲೂ ಇಂಟರ್ನೆಟ್ ಕೊಡಬೇಡಿ. ಪೇಜ್‌ಮೇಕರ್ ಸಿಡಿ ಇದೆಯಲ್ವಾ?

ಸಾಗರದ ಡಿಟಿಪಿ:
ಬಿಚ್ಚಿದೆ. ಮೊದಲು ಕಂಡದ್ದು ಜಿರಲೆ ಮೊಟ್ಟೆ. ಧೂಳು ಊದಿ ನೋಡಿದರೆ ಪ್ರೊಸೆಸರ್ ಪಕ್ಕ ಐದು ಡಬ್ಬಿ ಉಬ್ಬಿವೆ. ಫೋಟೋ ಹೊಡೆದು ರಿಪೇರಿಯವರಿಗೆ ಕಳಿಸೋಣ ಅನ್ನಿಸಿತು, ಬಿಟ್ಟೆ.

ಡಿಸ್ಕ್ ಕಾಪಿ ಮಾಡಿದ್ದೇ ಮೊದಲು. ಇಷ್ಟು ವರ್ಷದ ಕೆಲಸ 38 ಜಿಬಿ, ಅಷ್ಟೇ. ಆಮೇಲೆ ಮೈಕ್ ಸೆಟ್ ರಿಪೇರಿ ಮಾಡುವ ನಮ್ಮೂರಿನವರೊಬ್ಬರಿಗೆ ಬೋರ್ಡ್ ಕೊಟ್ಟೆ. ಐದರ ಜೊತೆ ಪಕ್ಕದ ಎರಡನ್ನೂ ಬದಲಾಯಿಸಿದರು. 350 ರೂಪಾಯಿ, ಸೆಲ್‌ಗೆ 40. ಒಂದೇ ಒತ್ತಿಗೆ ಎದ್ದಿತು. ಇವತ್ತಿಗೆ ಒಂಬತ್ತು ದಿನ, ಹಟ ಇಲ್ಲ.

ಗುಬ್ಬಿ ಹೇಳಿದ್ದನ್ನೂ ಬಿಟ್ಟಿಲ್ಲ. ಈಗ ಮದುವೆ ಕಾಗದದ ರಾಶಿ ಇದೆ, ಕೈ ಹಾಕಲು ಹೆದರಿಕೆ. ಆಷಾಢದಲ್ಲಿ ಹೇಗೂ ಅಂಗಡಿ ಖಾಲಿ, ಆಗ ಐ5 ತರುತ್ತೇನೆ. ಅಲ್ಲಿಯವರೆಗೆ ಇದಕ್ಕೆ ಸಾವಿರದ ಮೇಲೆ ಒಂದು ರೂಪಾಯಿಯನ್ನೂ ಹಾಕಲ್ಲ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ. 390 ಆಗಲೇ ಹೋಯಿತು.

ಸಿಡಿ ಸಿಕ್ಕಿತು. ಹಳೆ ಪಂಚಾಂಗಗಳ ಅಡಿಯಲ್ಲಿತ್ತು. ಒಂದು ಗೀರು ಬಿದ್ದಿದೆ, ಓದುತ್ತದೆ.