ಅಚ್ಚು ಅಂದರೆ ಹಲಗೆಯೋ, ಹಾಳೆಯೋ?

ಎಲ್ಲರಿಗೂ ನಮಸ್ಕಾರ,

ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ಲಿನೋ ಎಂಬ ಮೆತ್ತನೆಯ ಹಲಗೆಯನ್ನು ಕೆತ್ತಿ ಚಿತ್ರ ಅಚ್ಚು ಹಾಕುವುದನ್ನು ಹೇಳಿಕೊಡುತ್ತಿದ್ದೇನೆ. ಮಾಡುವ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದೆ. ಕೊನೆಯ ಸಾಲು ಹೀಗಿತ್ತು: ‘ಕೆಲಸ ಮುಗಿದ ಮೇಲೆ ಅಚ್ಚನ್ನು ತೊಳೆದು ಒಣಗಿಸಿ.’ ಒಬ್ಬ ಹುಡುಗ ಎರಡು ಗಂಟೆ ಕೂತು ತೆಗೆದ ಚಿತ್ರವನ್ನೇ ನಲ್ಲಿಯ ಕೆಳಗೆ ಹಿಡಿದುಬಿಟ್ಟ. ನೀರಿನಲ್ಲಿ ಕರಗುವ ಬಣ್ಣ, ಕೇಳಬೇಕೇ! ತಪ್ಪು ಅವನದಲ್ಲ. ನಾನು ಅಚ್ಚು ಅಂದದ್ದು ಕೆತ್ತಿದ ಹಲಗೆಗೆ. ಅವನು ಅಂದುಕೊಂಡದ್ದು ಕಾಗದದ ಮೇಲೆ ಮೂಡಿದ್ದಕ್ಕೆ. ಎರಡೂ ಸರಿಯೇ ಅಲ್ವಾ?

ಆಮೇಲೆ ಹಾಳೆಯನ್ನು ಮತ್ತೆ ಓದಿದೆ. ‘ಅಚ್ಚಿಗೆ ಬಣ್ಣ ಹಚ್ಚಿ, ಮೇಲೆ ಕಾಗದ ಇಟ್ಟು ಚಮಚದ ಬೆನ್ನಿನಿಂದ ಉಜ್ಜಿ, ಅಚ್ಚು ತೆಗೆಯಿರಿ’ ಎಂದೂ ಬರೆದಿದ್ದೇನೆ. ಒಂದೇ ವಾಕ್ಯ, ಎರಡು ಅಚ್ಚು, ಎರಡು ಅರ್ಥ.

ಪ್ಲಾಸ್ಟರಿನ ಕೆಲಸದಲ್ಲಿ ಈ ತೊಡಕಿಲ್ಲ. ಹೊಯ್ಯುವುದು ಅಚ್ಚಿಗೆ, ಹೊರಗೆ ಬರುವುದು ಎರಕ. ಎರೆಯುವವರಿಗೆ ಎರಡು ಪದ ಇವೆ, ಒತ್ತುವವರಿಗೆ ಒಂದೇ.

ಹಳೆಯ ಜೋಡುಪದಗಳನ್ನು ನೋಡಿದರೆ ದಾರಿ ಸಿಗಬಹುದು ಅನ್ನಿಸಿತು. ಅಚ್ಚುಮೊಳೆ (ಒಂದೊಂದು ಅಕ್ಷರದ ಲೋಹದ ತುಂಡು), ಅಚ್ಚುಕೂಟ (ಮುದ್ರಣಾಲಯ): ಅಚ್ಚು ಮೊದಲು ಬಂದರೆ ಮಾತು ಸಲಕರಣೆಯದು, ಕೆಲಸದ ಜಾಗದ್ದು. ಕರಡಚ್ಚು (ತಪ್ಪು ನೋಡಲು ಮೊದಲು ತೆಗೆದ ಹಾಳೆ), ಪಡಿಯಚ್ಚು: ಅಚ್ಚು ಕೊನೆಗೆ ಬಂದರೆ ಅದು ಹುಟ್ಟಿಬಂದದ್ದು. ‘ಅಪ್ಪನ ಪಡಿಯಚ್ಚು’ ಅಂದಾಗ ಮಗನೇ ತಾನೇ? ಚೆನ್ನಾಗಿ ಕೂತಿತು ಅಂತ ಖುಷಿಪಡುವಷ್ಟರಲ್ಲಿ ಮರದಚ್ಚು ನೆನಪಾಯಿತು. ಬಟ್ಟೆಗೆ ಬಣ್ಣ ಒತ್ತುವ ಮರದ ತುಂಡು ಅದು, ಶುದ್ಧ ಸಲಕರಣೆ. ಇನ್ನು ಕಲ್ಲಚ್ಚು ಇನ್ನೊಂದು ತರಹ. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಕಲ್ಲಚ್ಚಿನಲ್ಲಿ ಬಂತು ಅನ್ನುವಾಗ ಅದು ಕಲ್ಲೂ ಅಲ್ಲ, ಕಾಗದವೂ ಅಲ್ಲ, ಕಲ್ಲಿನ ಮೇಲೆ ಬರೆದು ಮುದ್ರಿಸುವ ವಿಧಾನ. ನನ್ನ ಸೂತ್ರ ಅಲ್ಲಿಗೇ ಕೈಕೊಟ್ಟಿತು.

ಆದರೂ ಹಲಗೆಗೆ ‘ಅಚ್ಚುಹಲಗೆ’ ಅಂದರೆ ಯಾರೂ ತಪ್ಪು ತಿಳಿಯಲಾರರು. ರಬ್ಬರ್ ತುಂಡಿನಲ್ಲಿ ಕೆತ್ತಿದ್ದಕ್ಕೆ ಹಲಗೆ ಅನ್ನುವುದು ಸ್ವಲ್ಪ ಅತಿಯಾಯಿತು, ಹೋಗಲಿ. ಮೊದಲ ಪ್ರಯತ್ನದ ಹಾಳೆಗೆ ಕರಡಚ್ಚು ಅನ್ನುವುದು ಮಕ್ಕಳಿಗೆ ಆಗಲೇ ಇಷ್ಟವಾಗಿದೆ. ಅದರಲ್ಲೇ ತಾನೇ ಹೆಸರು ತಿರುಗುಮುರುಗಾಗಿ ಬಂದದ್ದು ಗೊತ್ತಾಗುವುದು! ಕನ್ನಡಿಯಲ್ಲಿ ಕಾಣುವ ಹಾಗೆ ಬರೆದು ಕೆತ್ತಿ ಅಂತ ಎಷ್ಟು ಸಲ ಹೇಳಿದರೂ ಅಷ್ಟೇ.

ಕಷ್ಟ ಇರುವುದು ಕೊನೆಯ ಹಾಳೆಯದು. ಮುದ್ರೆ ಅನ್ನೋಣವೆಂದರೆ ಅದಕ್ಕೂ ಇದೇ ರೋಗ: ಒತ್ತುವ ಉಂಗುರವೂ ಮುದ್ರೆ, ಬಿದ್ದ ಗುರುತೂ ಮುದ್ರೆ. ‘ಪ್ರತಿ’ ಹೇಗೆ? ಜೊತೆಗೆ ಕಲಿಸುವವರೊಬ್ಬರು ಬೇಡವೇ ಬೇಡ ಅಂದರು. ಪ್ರತಿ ಅಂದರೆ ನಕಲು, ಇಲ್ಲಿ ಒಂದೊಂದು ಹಾಳೆಯೂ ಮೂಲ ಕೃತಿ ಅನ್ನುವುದು ಅವರ ವಾದ. ಕಲಾವಿದರು ಹಾಳೆಯ ಕೆಳಗೆ ಪೆನ್ಸಿಲ್ಲಿನಲ್ಲಿ 3/12 ಅಂತ ಬರೆಯುತ್ತಾರೆ, ಹನ್ನೆರಡರಲ್ಲಿ ಮೂರನೆಯದು ಅಂತ. ಮೂರನೆಯದು ಮೊದಲನೆಯದಕ್ಕಿಂತ ಏನೂ ಕಡಿಮೆಯಲ್ಲ, ಅದು ನಿಜ. ಆದರೆ ಪ್ರತಿ ಅಂದರೆ ನಕಲು ಮಾತ್ರವೇ? ಹಸ್ತಪ್ರತಿ ಅನ್ನುತ್ತೇವೆ. ಲೇಖಕರೇ ಬರೆದ ಒಂದೇ ಒಂದು ಕಟ್ಟು ಇದ್ದರೂ ಅದು ಹಸ್ತಪ್ರತಿಯೇ. ಪುಸ್ತಕದ ಸಾವಿರ ಪ್ರತಿಗಳಲ್ಲಿ ಯಾವುದು ಮೂಲ, ಯಾವುದು ನಕಲು ಅಂತ ಯಾರೂ ಕೇಳುವುದಿಲ್ಲ. ನನ್ನ ಮನಸ್ಸು ಪ್ರತಿಯ ಕಡೆಗೇ ಜಾಸ್ತಿ ವಾಲಿದೆ. ‘ಅಚ್ಚುಹಲಗೆ ತೊಳೆಯಿರಿ, ಪ್ರತಿ ಒಣಗಿಸಿ.’ ಇದನ್ನು ಓದಿದ ಯಾವ ಮಗುವೂ ನಲ್ಲಿಯ ಹತ್ತಿರ ಹಾಳೆ ಒಯ್ಯಲಾರದು.

ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರು, ಬಟ್ಟೆಗೆ ಅಚ್ಚು ಒತ್ತುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ಹೇಳಿ. ಯಂತ್ರದಿಂದ ಹೊರಬಂದ ಒಂದು ಹಾಳೆಗೆ ಕೆಲಸದ ನಡುವೆ ಏನಂತ ಕರೆಯುತ್ತಿದ್ದಿರಿ? ಪುಸ್ತಕದ ಪದವಲ್ಲ, ಬಾಯಲ್ಲಿ ಬರುತ್ತಿದ್ದ ಪದ ಬೇಕು. ಹಾಗೇ ಇನ್ನೊಂದು: ಹಲಗೆಯಿಂದ ಕಾಗದವನ್ನು ಮೆಲ್ಲಗೆ ಬಿಡಿಸುವ ಆ ಕೊನೆಯ ಕ್ಷಣಕ್ಕೆ ನಾನು ಸುಮ್ನೆ ‘ಎಬ್ಬಿಸು’ ಅನ್ನುತ್ತಿದ್ದೇನೆ. ಅದಕ್ಕೆ ಬೇರೆ ಮಾತು ಇದೆಯಾ?